ಷರಾ

ಕಂಬಕ್ಕೆ ಬಿಳಿ ಬಣ್ಣ, ಮೇಲೆ ಕಪ್ಪು ಅಂಕಿ.
ಗಂಟೆಗೊಮ್ಮೆ ಕಡವಿಗಿಳಿದು, ನೀರು ಎಲ್ಲಿ ಮುಟ್ಟಿದೆ ನೋಡಿ
ಗೆರೆ ಹಾಕಿದ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.
ದಿನಗೂಲಿಗೆ ಸೇರಿದವನು. ಹತ್ತೊಂಬತ್ತು ವರ್ಷ.
ಕೊನೆಯ ಕಾಲಮ್ಮಿನ ತಲೆಬರಹ: ಷರಾ.
ಅಲ್ಲಿ ನಾನು ಬರೆಯುತ್ತಿದ್ದದ್ದು ಒಂದೇ ಪದ, 'ಇಲ್ಲ'.
ಆಮೇಲೆ ಅದೂ ಬೇಸರ ಬಂದು
ಮೇಲಿನಿಂದ ಕೆಳಕ್ಕೆ ಒಂದು ಗೀಟು.

ಬಸ್ರೂರಿನಿಂದ ಕೆಳಗೆ ಹೊಳೆಗೆ ಎರಡು ಮನಸ್ಸು.
ಕಡಲು ಉಪ್ಪು ಹೊತ್ತು ಹತ್ತಿ ಬರುತ್ತದೆ,
ಘಟ್ಟ ಸಪ್ಪೆ ನೀರು ಕಳಿಸುತ್ತದೆ,
ಕುದ್ರುವಿನ ಬಳಿ ಇಬ್ಬರೂ ನಿಂತು
ಅಮಾವಾಸ್ಯೆ ಹುಣ್ಣಿಮೆ ನೋಡಿ ಲೆಕ್ಕ ತೀರಿಸಿಕೊಳ್ಳುತ್ತಿದ್ದರಂತೆ.
ಅಂತೆ ಎಂದೆ. ನಾನು ಬರುವಾಗಲೇ
ಮೇಲೆ ಕಟ್ಟೆ ಎದ್ದಾಗಿತ್ತು,
ಬೆಟ್ಟದ ಹೊಟ್ಟೆಯೊಳಗೆ ಚಕ್ರ ತಿರುಗುತ್ತಿತ್ತು.

ಹಳೆಯ ಲೆಕ್ಕ ಗೊತ್ತಿದ್ದವಳು ಚಿಕ್ಕು ಮರಕಾಲ್ತಿ.
ಸೊಂಟದ ಮಟ್ಟ ನೀರಲ್ಲಿ ನಿಂತು
ಹೆಬ್ಬೆರಳಿನಿಂದ ಮರುವಾಯಿ ತಡಕುವವಳು.
ಅವಳ ಕಾಲು ನನ್ನ ಕಂಬಕ್ಕಿಂತ ನಿಖರ.
"ಎಂತ ಬರಿತ್ರಿ ಅದ್ರಗೆ?"
"ನೀರಿನ ಮಟ್ಟ."
"ಮಟ್ಟ ಬರ್ದ್ ಎಂತ ಆಪ್ದ್? ರುಚಿ ಬರ್ಕಣಿ ಮಾರ್ರೆ, ರುಚಿ!"

ಬಿಸಿಲೇರುವ ತಿಂಗಳಲ್ಲಿ ಹೊಳೆ ಉಪ್ಪಾಗಬೇಕು.
ಆಗುವುದಿಲ್ಲ ಈಗ.
ಸಂಜೆ ಆರೂವರೆಗೆ ಎಲ್ಲೆಲ್ಲೋ ದೀಪ ಹತ್ತುತ್ತದೆ,
ನಾನು ಕಂಡಿರದ ಊರುಗಳಲ್ಲಿ ಗ್ರೈಂಡರು, ಲಿಫ್ಟು, ಏಸಿ,
ಇಲ್ಲಿ ರಾತ್ರಿ ನೀರು ಏರುತ್ತದೆ
ಇಳಿತದ ಹೊತ್ತಿನಲ್ಲಿ, ಚಂದ್ರನನ್ನು ಕೇಳದೆ,
ತಣ್ಣಗೆ, ಬಟ್ಟೆಯಲ್ಲಿ ಸೋಸಿದ ಹಾಗೆ.
ಮರಳೆಲ್ಲ ಮೇಲೆಯೇ ಕೂತಿದೆ, ಕಟ್ಟೆಯ ತಳದಲ್ಲಿ.
ಬಾಣಂತಿ ನೋಡಲು ಬರಿಗೈಯಲ್ಲಿ ಬಂದ ನೆಂಟನಂತೆ
ಹೊಳೆ ಮುಖ ತಪ್ಪಿಸಿ ಹಾದುಹೋಗುತ್ತದೆ.

ಮರುವಾಯಿಗೆ ಗೊತ್ತಿರುವುದು ಒಂದೇ ಉಪಾಯ,
ಬಾಯಿ ಮುಚ್ಚುವುದು.
ಸಪ್ಪೆ ಬಂದರೆ ಮುಚ್ಚುತ್ತದೆ, ಉಪ್ಪಿಗೆ ಕಾಯುತ್ತದೆ.
ಎರಡು ದಿನ. ಐದು ದಿನ.
ಆ ವರ್ಷ ಹನ್ನೊಂದನೆಯ ದಿನ
ಕುದ್ರುವಿನ ಸುತ್ತ ಎಲ್ಲವೂ ಬಾಯಿ ತೆರೆದಿದ್ದವು.
ನಾತ ಸೇತುವೆಯ ತನಕ.
ಚಿಕ್ಕು ಒಂದು ಬುಟ್ಟಿ ತಂದು
ನನ್ನ ಕಂಬದ ಬುಡಕ್ಕೆ ಸುರಿದಳು. ಮಾತಿಲ್ಲ.
ಅಷ್ಟರಲ್ಲಿ ನೀರು ಎರಡು ಅಂಗುಲ ಏರಿತ್ತು,
ಬರೆದುಕೊಂಡೆ.

ಕರೆಂಟಿನವರನ್ನು ಬೈದಳೇ?
ಬೈದಳು, ಅರ್ಧ.
"ನನ್ ಮನಿ ಫ್ರಿಜ್ಜೂ ಅದೇ ನೀರಗೆ ತಿರ್ಗುದ್ ಅಲ್ದಾ"
ಎಂದು ಉಳಿದರ್ಧ ನುಂಗಿದಳು.
ಫ್ರಿಜ್ಜಿನೊಳಗೆ ಹಿಂದಿನ ತಿಂಗಳ ಮರುವಾಯಿ,
ತೊಟ್ಟೆ ತೊಟ್ಟೆ, ಉಡುಪಿಯ ಹೋಟೆಲಿಗೆ ಹೋಗಬೇಕಾದದ್ದು.

ಸಾಹೇಬರು ಜೀಪಿನಲ್ಲಿ ಬಂದು ಪುಸ್ತಕ ತಿರುವಿದರು.
"ಬೇಸಗೆಯಲ್ಲೂ ಹೊಳೆ ತುಂಬಿದೆಯಲ್ಲ, ಒಳ್ಳೆಯದೇ."
ಸುಳ್ಳಲ್ಲ.
ನನ್ನದೇ ಅಂಕಿ, ನನ್ನದೇ ಸಹಿ.
ತುಂಬಿದೆ.

ಮರುವರ್ಷ ಎಲ್ಲೋ ಏನೋ ಸುಟ್ಟು ಚಕ್ರ ನಿಂತಿತು.
ಇಡೀ ತಾಲೂಕು ಕತ್ತಲು.
ಎರಡನೆಯ ರಾತ್ರಿ ಸೆಕೆ ತಾಳದೆ ಕಡವಿಗೆ ಬಂದರೆ
ಹೊಳೆ ಇಳಿಯುತ್ತಿತ್ತು, ಇಳಿಯುತ್ತಲೇ ಇತ್ತು,
ಕಂಬದ ಕೊನೆಯ ಅಂಕಿಗೂ ಕೆಳಗೆ
ಯಾರೂ ಬಣ್ಣ ಬಳಿಯದ ಕಲ್ಲು,
ಅದಕ್ಕೆ ಕಚ್ಚಿ ಕೂತ ಹಳೆಯ ಚಿಪ್ಪು.
ಆಚೆ ಯಾರೋ ನೀರಿಗಿಳಿದ ಸದ್ದು.
"ಹ್ಯಾಂಗಿತ್ತ್?" ಎಂದು ಕತ್ತಲು ಕೇಳಿತು.
ಬೆರಳು ಅದ್ದಿ ನಾಲಗೆಗಿಟ್ಟೆ.
ಟಾರ್ಚು ಕಂಕುಳಲ್ಲಿ ಒತ್ತಿ ಹಿಡಿದು
ಷರಾದ ಗೀಟಿನ ಮೇಲೆಯೇ ಬರೆದೆ:
ಉಪ್ಪು. ಸ್ವಲ್ಪ.

ಬೆಳಗ್ಗೆ ಕರೆಂಟು ಬಂತು.
ಚಿಕ್ಕು ಒಂದು ಕೈಯಲ್ಲಿ ಏಳೆಂಟು ಜೀವಂತ ಮರುವಾಯಿ,
ಇನ್ನೊಂದರಲ್ಲಿ ಕರಗಿ ಹುಳಿತ ತೊಟ್ಟೆಗಳನ್ನು ಹಿಡಿದು
ಯಾವುದನ್ನು ಮೊದಲು ನೀರಿಗೆ ಬಿಡಲಿ ಎಂಬಂತೆ ನಿಂತಿದ್ದಳು.
ನಾನು ಮೇಲಿನವರು ಕೇಳಿದರೆ ಏನು ಹೇಳಲಿ ಎಂದು
ರಬ್ಬರು ಹುಡುಕುತ್ತಿದ್ದೆ.
ಬರೆದದ್ದು ಪೆನ್ನಿನಲ್ಲಿ.